ಸೇನೆ ವಾಪಸ್ ಬಂತು, ಲೆಕ್ಕ ಬರಲಿಲ್ಲ

ಇವರಿಗೆ,
2003ರಲ್ಲಿ ಮತ್ತು ಆಮೇಲೆ ಅಮೆರಿಕದ ಜೊತೆಗೂಡಿ ಇರಾಕಿಗೆ ಸೇನೆ ಕಳಿಸಿ, ನಂತರ ವಾಪಸ್ ಕರೆಸಿಕೊಂಡ ದೇಶಗಳ ಸಂಸತ್ ಸದಸ್ಯರಿಗೆ

ವಿಷಯ: ಹೋದ ಕಾರಣ ಮತ್ತು ಬಿಟ್ಟುಬಂದ ಜನರ ಕುರಿತು

ಮಾನ್ಯರೇ,

ನಾನು ನಿಮ್ಮ ಯಾವ ದೇಶದ ಮತದಾರನೂ ಅಲ್ಲ. ನಮ್ಮನ್ನು ಕೇಳಲು ಇವನ್ಯಾರು ಅಂತ ನಿಮಗೆ ಅನ್ನಿಸಿದರೆ ಅದು ಸಹಜ. ಆ ವರ್ಷಗಳಲ್ಲಿ ಕನ್ನಡ ಪತ್ರಿಕೆಯೊಂದರಲ್ಲಿ ವಿದೇಶ ಸುದ್ದಿಯ ಪುಟ ನೋಡಿಕೊಳ್ಳುತ್ತಿದ್ದೆ. ನಿಮ್ಮ ಸೈನಿಕರು ಹೋದ ಸುದ್ದಿಯನ್ನೂ ಬಂದ ಸುದ್ದಿಯನ್ನೂ ಕನ್ನಡಕ್ಕೆ ಇಳಿಸಿದವರಲ್ಲಿ ನಾನೂ ಒಬ್ಬ. ಹೋದಾಗ ಮುಖಪುಟ, ನಕಾಶೆ, ಮರಳಲ್ಲಿ ಸಾಲಾಗಿ ನಿಂತ ಟ್ಯಾಂಕುಗಳ ದೊಡ್ಡ ಫೋಟೋ. ಬಂದಾಗ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು. ಇಂಥ ದೇಶ ಸೇನೆ ಹಿಂತೆಗೆದುಕೊಂಡಿದೆ, ಇಷ್ಟು ಜನ ಇದ್ದರು, ಇಂಥ ಊರಿನಲ್ಲಿದ್ದರು, ಅಷ್ಟೇ. ಜಾಹೀರಾತು ಜಾಸ್ತಿ ಬಂದ ದಿನ ಆ ನಾಲ್ಕು ಸಾಲೂ ಹಾರಿಹೋಗುತ್ತಿತ್ತು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನೀವು ಸೇನೆ ವಾಪಸ್ ಕರೆಸಿಕೊಂಡಿದ್ದಕ್ಕೆ ನನ್ನ ತಕರಾರಿಲ್ಲ. ಅದು ಸರಿಯಾದ ಕೆಲಸ, ಇನ್ನೂ ಮುಂಚೆ ಆಗಬೇಕಿತ್ತು. ವಾಪಸ್ ಬಂದ ತಕ್ಷಣ ನಮ್ಮ ಪಾಲಿನದು ಮುಗಿಯಿತು ಅಂದುಕೊಂಡಿರಲ್ಲ, ನನ್ನ ದೂರು ಅದರ ಬಗ್ಗೆ.

ನೀವು ಹೋದ ರೀತಿಯನ್ನು ಸ್ವಲ್ಪ ನೆನಪಿಸಿಕೊಳ್ಳಿ. 2003ರ ಫೆಬ್ರವರಿ 15ರಂದು ಯುದ್ಧ ಬೇಡ ಅಂತ ಪ್ರಪಂಚದ ನೂರಾರು ನಗರಗಳಲ್ಲಿ ಜನ ಬೀದಿಗಿಳಿದರು. ರೋಮ್, ಲಂಡನ್, ಮ್ಯಾಡ್ರಿಡ್, ಬಾರ್ಸಿಲೋನಾ. ಗಮನಿಸಿ, ಅತಿ ದೊಡ್ಡ ಮೆರವಣಿಗೆಗಳು ನಡೆದಿದ್ದು ಯಾವ ಸರ್ಕಾರಗಳು ಯುದ್ಧದ ಪರ ನಿಂತಿದ್ದವೋ ಆ ದೇಶಗಳಲ್ಲೇ. ಸ್ಪೇನಿನಲ್ಲಿ ಹತ್ತರಲ್ಲಿ ಒಂಬತ್ತು ಜನ ಬೇಡ ಅನ್ನುತ್ತಿದ್ದರು. ಆದರೂ ಮಾರ್ಚ್ 16ರಂದು ಸ್ಪೇನಿನ ಪ್ರಧಾನಿ ಅಸ್ನಾರ್ ಅವರು ಪೋರ್ಚುಗಲ್ಲಿನ ಅಜೋರ್ಸ್ ದ್ವೀಪಕ್ಕೆ ಹೋಗಿ ಅಮೆರಿಕದ ಅಧ್ಯಕ್ಷ ಬುಷ್ ಮತ್ತು ಬ್ರಿಟನ್ನಿನ ಪ್ರಧಾನಿ ಬ್ಲೇರ್ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ನಾಲ್ಕು ದಿನದ ನಂತರ ಯುದ್ಧ ಶುರುವಾಯಿತು. ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಅದಕ್ಕೆ ಒಪ್ಪಿಗೆ ಕೊಟ್ಟಿರಲಿಲ್ಲ.

ಆಗ ಶ್ವೇತಭವನ ಒಂದು ಪಟ್ಟಿ ಬಿಟ್ಟಿತು. ಯುದ್ಧಕ್ಕೆ ಬೆಂಬಲ ಕೊಟ್ಟ 49 ದೇಶಗಳ ಹೆಸರು ಅದರಲ್ಲಿತ್ತು. ಪಲಾವು, ಮೈಕ್ರೊನೇಷ್ಯಾ, ಮಾರ್ಷಲ್ ದ್ವೀಪಗಳು, ಐಸ್‌ಲ್ಯಾಂಡ್, ಕೋಸ್ಟರಿಕಾ. ಈ ಯಾವ ದೇಶಕ್ಕೂ ಸ್ವಂತ ಸೇನೆಯೇ ಇಲ್ಲ! ಲೆಕ್ಕಕ್ಕುಂಟು ಆಟಕ್ಕಿಲ್ಲ ಅಂತಾರಲ್ಲ, ಹಾಗೆ. ಕೋಸ್ಟರಿಕಾ 1948ರಲ್ಲೇ ಸೇನೆಯನ್ನು ರದ್ದು ಮಾಡಿದ ದೇಶ. ಅಲ್ಲಿನ ನ್ಯಾಯಾಲಯ 2004ರಲ್ಲಿ, ಈ ಬೆಂಬಲ ನಮ್ಮ ಸಂವಿಧಾನಕ್ಕೆ ವಿರುದ್ಧ, ಪಟ್ಟಿಯಿಂದ ಹೆಸರು ತೆಗೆಸಿ ಅಂತ ಸರ್ಕಾರಕ್ಕೆ ಹೇಳಿತು. ಇಡೀ ಕಥೆಯಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದ ತೀರ್ಪು ಅದು. ಸೈನಿಕನೇ ಇಲ್ಲದ ದೇಶ ಬರೀ ಹೆಸರನ್ನು ಕೊಟ್ಟಿದ್ದಕ್ಕೂ ತನ್ನ ಸರ್ಕಾರದಿಂದ ಜವಾಬು ಕೇಳಿತು.

ಬೇಡ ಅಂದವರೂ ಇದ್ದರು. ಟರ್ಕಿಯ ಸಂಸತ್ತಿನಲ್ಲಿ 2003ರ ಮಾರ್ಚ್ 1ರಂದು ಅಮೆರಿಕದ ಸೇನೆಗೆ ದಾರಿ ಬಿಡುವ ಬಗ್ಗೆ ಮತಕ್ಕೆ ಹಾಕಿದಾಗ ಪರವಾಗಿ 264, ವಿರುದ್ಧ 250 ಮತ ಬಿದ್ದವು. 19 ಜನ ತಟಸ್ಥರಾದರು. ಬೇಕಾದಷ್ಟು ಬಹುಮತ ಸಿಗಲಿಲ್ಲ, ಪ್ರಸ್ತಾಪ ಬಿದ್ದುಹೋಯಿತು. ಕೆನಡಾ ಬರುವುದಿಲ್ಲ ಅಂದಿತು. ಅದೇ ವರ್ಷ ಜುಲೈಯಲ್ಲಿ ನಮ್ಮ ಸರ್ಕಾರವೂ, ಅಮೆರಿಕ ಒಂದು ಡಿವಿಷನ್ ಸೇನೆ ಕೊಡಿ ಅಂತ ಕೇಳಿದಾಗ, ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿಲ್ಲದೆ ಆಗುವುದಿಲ್ಲ ಎಂದಿತು. ನಾವೇನು ಸಾಧುಗಳು ಅಂತ ಹೇಳುತ್ತಿಲ್ಲ. ಇಲ್ಲಿಯೂ ಕಳಿಸೋಣ ಅಂದವರಿದ್ದರು, ತಿಂಗಳುಗಟ್ಟಲೆ ಚರ್ಚೆ ನಡೆಯಿತು. ಮಿತ್ರದೇಶ ಕೇಳಿದಾಗ ಬೇರೆ ದಾರಿಯೇ ಇರಲಿಲ್ಲ ಅನ್ನುವ ನಿಮ್ಮ ಸಮಜಾಯಿಷಿ ನಿಲ್ಲುವುದಿಲ್ಲ ಅಂತ ತೋರಿಸಲು ಮಾತ್ರ ಇದನ್ನು ಹೇಳಿದೆ.

ಇನ್ನು ವಾಪಸ್ ಬಂದ ಕಥೆ. ಒಬ್ಬೊಬ್ಬರದು ಒಂದೊಂದು ಬಗೆ.

ಸ್ಪೇನಿನದು ಎಲ್ಲರಿಗೂ ನೆನಪಿದೆ. 2004ರ ಮಾರ್ಚ್ 11ರ ಬೆಳಿಗ್ಗೆ ಮ್ಯಾಡ್ರಿಡ್‌ನ ಲೋಕಲ್ ರೈಲುಗಳಲ್ಲಿ ಬಾಂಬು ಸಿಡಿದು 190ಕ್ಕೂ ಹೆಚ್ಚು ಜನ ಸತ್ತರು. ಮೂರು ದಿನದ ನಂತರ ಚುನಾವಣೆ. ಬಾಸ್ಕ್ ಪ್ರತ್ಯೇಕತಾವಾದಿಗಳದ್ದೇ ಕೃತ್ಯ ಅಂತ ಸರ್ಕಾರ ಪಟ್ಟು ಹಿಡಿಯಿತು, ಜನ ನಂಬಲಿಲ್ಲ. ಸರ್ಕಾರ ಸೋತಿತು. ಹೊಸ ಪ್ರಧಾನಿ ಸಪತೇರೊ ಏಪ್ರಿಲ್ 18ರಂದು 1,300 ಸೈನಿಕರನ್ನು ಕರೆಸಿಕೊಳ್ಳುವುದಾಗಿ ಘೋಷಿಸಿದರು. ಭಯೋತ್ಪಾದಕರಿಗೆ ಹೆದರಿ ಓಡಿದರು ಅಂತ ಹಲವರು ಆಡಿಕೊಂಡರು. ಇದು ಅನ್ಯಾಯದ ಮಾತು. ವಿಶ್ವಸಂಸ್ಥೆ ಜವಾಬ್ದಾರಿ ವಹಿಸಿಕೊಳ್ಳದಿದ್ದರೆ ಸೇನೆಯನ್ನು ಕರೆಸಿಕೊಳ್ಳುತ್ತೇವೆ ಅಂತ ಆ ಪಕ್ಷ ಬಾಂಬು ಸಿಡಿಯುವ ಮುಂಚೆಯೇ ಹೇಳಿತ್ತು. ಚುನಾವಣೆಗೆ ಮುಂಚೆ ಕೊಟ್ಟ ಮಾತನ್ನು ಗೆದ್ದ ಮೇಲೆ ನಡೆಸಿದರೆ ಅದು ಹೇಡಿತನವೇ? ಸ್ಪೇನ್ ಹೊರಟ ಬೆನ್ನಲ್ಲೇ, ಅದರ ತುಕಡಿಯ ಜೊತೆಗಿದ್ದ ಹೊಂಡುರಾಸ್ ಮತ್ತು ಡೊಮಿನಿಕನ್ ಗಣರಾಜ್ಯ ಕೂಡ ಹೊರಟವು.

ಜುಲೈಯಲ್ಲಿ ಫಿಲಿಪ್ಪೀನ್ಸ್ ತನ್ನ 51 ಜನರನ್ನು ವಾಪಸ್ ಕರೆಸಿಕೊಂಡಿತು. ಅಪಹರಣಕಾರರ ಕೈಗೆ ಸಿಕ್ಕಿದ್ದ ಒಬ್ಬ ಟ್ರಕ್ ಡ್ರೈವರನ ಜೀವ ಉಳಿಸಲು. ಅಮೆರಿಕ ಸಿಟ್ಟಾಯಿತು, ಡ್ರೈವರ್ ಬದುಕಿ ಮನೆಗೆ ಬಂದ. ಆಮೇಲೆ ಥಾಯ್ಲೆಂಡ್, ಹಂಗೆರಿ. 2005ರಲ್ಲಿ ನೆದರ್ಲೆಂಡ್ಸ್, ಉಕ್ರೇನ್. 2003ರ ನವೆಂಬರಿನಲ್ಲಿ ಇರಾಕಿನ ನಾಸಿರಿಯಾ ಊರಿನ ಆತ್ಮಹತ್ಯಾ ದಾಳಿಯಲ್ಲಿ ತನ್ನ 19 ಜನರನ್ನು ಕಳೆದುಕೊಂಡಿದ್ದ ಇಟಲಿ, ಅಲ್ಲಿಯೂ ಸರ್ಕಾರ ಬದಲಾದ ಮೇಲೆ 2006ರ ಡಿಸೆಂಬರಿನಲ್ಲಿ ಪೂರ್ತಿ ಹೊರಬಂತು.

ಜಪಾನಿನದು ಬೇರೆಯೇ ಒಂದು ಪರಿ. ಯುದ್ಧ ಮಾಡುವುದಿಲ್ಲ ಅಂತ ಸಂವಿಧಾನದಲ್ಲೇ ಬರೆದುಕೊಂಡ ದೇಶ ಸುಮಾರು 600 ಸೈನಿಕರನ್ನು ಸಮಾವಾ ಊರಿಗೆ ಕಳಿಸಿತು. ಅವರು ನೀರು ಶುದ್ಧ ಮಾಡಿ ಕೊಟ್ಟರು, ಶಾಲೆ ರಿಪೇರಿ ಮಾಡಿದರು, ರಸ್ತೆ ಹಾಕಿದರು. ಅವರ ಶಿಬಿರವಿದ್ದ ಪ್ರದೇಶದ ಕಾವಲನ್ನು ಮೊದಲು ಡಚ್ಚರು, ಅವರು ಹೋದ ಮೇಲೆ ಬ್ರಿಟಿಷರು ಮತ್ತು ಆಸ್ಟ್ರೇಲಿಯನ್ನರು ಮಾಡಬೇಕಾಯಿತು. ಸೈನಿಕರನ್ನು ಕಾಯಲು ಸೈನಿಕರು! ನೀರಿನ ಕೆಲಸಕ್ಕೆ ಸೇನೆಯೇ ಬೇಕಿತ್ತೇ ಅಂತ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಭೂಸೇನೆ 2006ರ ಜುಲೈಯಲ್ಲಿ ಮರಳಿತು. ವಾಯುಪಡೆಯ ಸಾಗಾಟದ ವಿಮಾನಗಳು 2008ರ ಕೊನೆಯವರೆಗೂ ಹಾರಿದವು. ಅವು ಅಮೆರಿಕದ ಸೈನಿಕರನ್ನು ಬಾಗ್ದಾದಿಗೆ ಸಾಗಿಸುತ್ತಿದ್ದದ್ದು ಸಂವಿಧಾನಕ್ಕೆ ವಿರುದ್ಧ ಅಂತ ನಗೋಯಾ ಹೈಕೋರ್ಟು ಅದೇ ವರ್ಷ ಏಪ್ರಿಲಿನಲ್ಲಿ ಹೇಳಿತು. ಆದರೆ ದೂರುದಾರರು ಕೇಳಿದ್ದ ಪರಿಹಾರವನ್ನು ಕೋರ್ಟು ಕೊಡಲಿಲ್ಲ. ಕೇಸು ಗೆದ್ದಿದ್ದು ನಾವೇ ಅಂತ ಸರ್ಕಾರ ಸುಮ್ನೆ ಕೂತಿತು, ವಿಮಾನಗಳು ಹಾರುತ್ತಲೇ ಇದ್ದವು.

ಜಾರ್ಜಿಯಾ ಹೊರಬಂದಿದ್ದು ಎಲ್ಲಕ್ಕಿಂತ ಅವಸರದಲ್ಲಿ. 2008ರ ಆಗಸ್ಟಿನಲ್ಲಿ ರಷ್ಯಾ ಅದರ ಮನೆಬಾಗಿಲಿಗೇ ಬಂದಾಗ, ಜಾರ್ಜಿಯಾದ 2,000 ಸೈನಿಕರು ಇರಾಕಿನಲ್ಲಿದ್ದರು. ದೇಶದ ಒಳ್ಳೆಯ ತರಬೇತಿ ಪಡೆದ ಪಡೆ ಪರದೇಶದಲ್ಲಿ ನಾಕಾ ಕಾಯುತ್ತಿತ್ತು. ಕೊನೆಗೆ ಅಮೆರಿಕದ ವಿಮಾನಗಳೇ ಅವರನ್ನು ಊರಿಗೆ ತಂದು ಬಿಟ್ಟವು. ದೊಡ್ಡವರ ಯುದ್ಧಕ್ಕೆ ಹೋದರೆ ನಮ್ಮ ಕಷ್ಟಕ್ಕೆ ದೊಡ್ಡವರು ಬರುತ್ತಾರೆ ಅನ್ನುವುದು ನಿಮ್ಮಲ್ಲಿ ಹಲವರ ಲೆಕ್ಕಾಚಾರವಾಗಿತ್ತು, ಅಲ್ವಾ? ವಿಮಾನ ಬಂತು. ಸೇನೆ ಬರಲಿಲ್ಲ.

ಹೀಗೆ 2009ರ ಜುಲೈ ಮುಗಿಯುವ ಹೊತ್ತಿಗೆ ಅಲ್ಲಿ ಉಳಿದದ್ದು ಅಮೆರಿಕ ಮಾತ್ರ. ಬಹುರಾಷ್ಟ್ರೀಯ ಪಡೆ ಅನ್ನುವ ಹೆಸರು 2010ರ ಜನವರಿ 1ರಂದು ಅಮೆರಿಕದ ಪಡೆ ಅಂತ ಬದಲಾಯಿತು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಅಂತ ನೀವು ನಿಟ್ಟುಸಿರು ಬಿಟ್ಟಿರಿ. 2003ರಿಂದ 2011ರ ನಡುವೆ ಸತ್ತ ಇರಾಕಿ ನಾಗರಿಕರು ಒಂದು ಲಕ್ಷಕ್ಕೂ ಜಾಸ್ತಿ. ಇದು ದಾಖಲಾದ ಸಾವುಗಳ ಲೆಕ್ಕ ಮಾತ್ರ. ನಿಮ್ಮ ಸೈನಿಕರೂ ಸತ್ತರು, ಬ್ರಿಟನ್ನಿನವರೇ 179 ಜನ. ಹುಡುಕಿಕೊಂಡು ಹೋದ ಸಮೂಹನಾಶಕ ಅಸ್ತ್ರಗಳ ದಾಸ್ತಾನು ಇಲ್ಲವೇ ಇಲ್ಲ ಅಂತ ಅಮೆರಿಕದ ಸ್ವಂತ ತಂಡವೇ 2004ರ ಅಕ್ಟೋಬರಿನಲ್ಲಿ ವರದಿ ಕೊಟ್ಟಿತ್ತು. ಆ ವರದಿ ಬಂದ ಮೇಲೂ ನಿಮ್ಮಲ್ಲಿ ಕೆಲವರು ನಾಲ್ಕು ವರ್ಷ ಅಲ್ಲೇ ಇದ್ದಿರಿ. ಯಾಕೆ ಅಂತ ನಿಮ್ಮ ಸಂಸತ್ತಿನಲ್ಲಿ ಯಾರಾದರೂ ಗಟ್ಟಿಯಾಗಿ ಕೇಳಿದರೇ?

ಈಗ ಬಿಟ್ಟುಬಂದ ಜನರ ಮಾತಿಗೆ ಬರುತ್ತೇನೆ. ಈ ಪತ್ರ ಬರೆಯಲು ಮುಖ್ಯ ಕಾರಣವೇ ಅದು.

ನಿಮ್ಮ ಸೈನಿಕರಿಗೆ ಅರೇಬಿಕ್ ಬರುತ್ತಿರಲಿಲ್ಲ. ನಾಕಾದಲ್ಲಿ ಕಾರು ನಿಲ್ಲಿಸಿ ಅಂತ ಹೇಳುವುದಕ್ಕೂ, ಮನೆ ತಪಾಸಣೆಗೆ ಬಂದಿದ್ದೇವೆ ಅಂತ ಹೇಳುವುದಕ್ಕೂ ಒಬ್ಬ ಸ್ಥಳೀಯ ದುಭಾಷಿ ಬೇಕಿತ್ತು. ಅವನು ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಕಪ್ಪು ಕನ್ನಡಕ ಹಾಕಿಕೊಂಡು ಗಸ್ತಿನ ಜೊತೆ ಹೋಗುತ್ತಿದ್ದ. ಏನು ಕೆಲಸ ಮಾಡುತ್ತೇನೆ ಅಂತ ನೆಂಟರಿಗೂ ಹೇಳುವಂತಿರಲಿಲ್ಲ. ಸೈನಿಕನ ಪಾಳಿ ಮುಗಿದರೆ ಗೋಡೆಯೊಳಗಿನ ಶಿಬಿರ, ದುಭಾಷಿಯ ಪಾಳಿ ಮುಗಿದರೆ ಅದೇ ಊರಿನ ಅದೇ ಬೀದಿ. ದಕ್ಷಿಣ ಇರಾಕಿನ ಬಸ್ರಾ ನಗರದಲ್ಲಿ ಇಂಥವರನ್ನು ಸಶಸ್ತ್ರ ಗುಂಪುಗಳು ಹುಡುಕಿ ಹುಡುಕಿ ಕೊಂದವು.

ಡೆನ್ಮಾರ್ಕ್ ಇಲ್ಲಿ ಒಂದು ಒಳ್ಳೆಯ ಕೆಲಸ ಮಾಡಿತು, ಅದನ್ನು ಹೇಳಲೇಬೇಕು. 2007ರ ಆಗಸ್ಟಿನಲ್ಲಿ ಬಸ್ರಾ ಬಿಡುವ ಮುಂಚೆ, ಜುಲೈಯಲ್ಲೇ, ತನ್ನ ಜೊತೆ ಕೆಲಸ ಮಾಡಿದ ದುಭಾಷಿಗಳು ಮತ್ತು ಅವರ ಮನೆಯವರು ಸೇರಿ ಸುಮಾರು 200 ಜನರನ್ನು ಗುಟ್ಟಾಗಿ ವಿಮಾನದಲ್ಲಿ ಕರೆದೊಯ್ದಿತು. ಅವರು ಹೊರಟ ಮೇಲೆಯೇ ಸುದ್ದಿ ಹೊರಬಿತ್ತು. ಮೊದಲು ಜನ, ಆಮೇಲೆ ಸೇನೆ. ಇಷ್ಟು ಸರಳ ಕ್ರಮ ಅದು.

ಬ್ರಿಟನ್ ಏನು ಮಾಡಿತು? ಪತ್ರಿಕೆಗಳು ಗಲಾಟೆ ಎಬ್ಬಿಸಿದ ಮೇಲೆ, ಆ ವರ್ಷ ಅಕ್ಟೋಬರಿನಲ್ಲಿ ಒಂದು ಯೋಜನೆ ತಂದಿತು. ಹನ್ನೆರಡು ತಿಂಗಳು ಕೆಲಸ ಮಾಡಿದವರಿಗೆ ಮಾತ್ರ ಸಹಾಯ ಅಂತ ಷರತ್ತು ಹಾಕಿತು. ಕೊಲ್ಲಲು ಬರುವವನು ಎಷ್ಟು ತಿಂಗಳು ಸರ್ವಿಸ್ ಆಗಿದೆ ಅಂತ ಕೇಳುತ್ತಾನೆಯೇ? ಹನ್ನೊಂದು ತಿಂಗಳು ನಿಮ್ಮ ಗಸ್ತಿನ ಜೀಪಿನಲ್ಲಿ ಕೂತವನ ಮುಖ ಬೀದಿಯವರಿಗೆ ಗೊತ್ತಾಗಿರುವುದಿಲ್ಲವೇ? ಈ ಷರತ್ತು ಬರೆದ ಅಧಿಕಾರಿ ಯಾರೋ ಗೊತ್ತಿಲ್ಲ. ಬಸ್ರಾದಲ್ಲಿ ಒಂದು ರಾತ್ರಿ ಕಳೆದವರು ಅದನ್ನು ಬರೆಯಲಾರರು ಅಂತ ಮಾತ್ರ ಹೇಳಬಲ್ಲೆ.

ದುಭಾಷಿಗಳದ್ದೊಂದೇ ಅಲ್ಲ, ಮನೆ ಬಿಟ್ಟವರ ಕಥೆಯೂ ಹೀಗೇ. ಯುದ್ಧದಲ್ಲಿ ಸೇರದ ಸ್ವೀಡನ್ ಇರಾಕಿನ ನಿರಾಶ್ರಿತರಿಗೆ ಬಾಗಿಲು ತೆರೆಯಿತು. 2008ರಲ್ಲಿ ಅಲ್ಲಿನ ಸೋಡರ್‌ಟೆಲಿಯೆ ಎಂಬ ಊರಿನ ಮೇಯರ್ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಕೂತು, ಅಮೆರಿಕ ಮತ್ತು ಕೆನಡಾ ಎರಡೂ ಸೇರಿ ತೆಗೆದುಕೊಂಡಿದ್ದಕ್ಕಿಂತ ಹೆಚ್ಚು ಇರಾಕಿಗಳಿಗೆ ನಮ್ಮ ಒಂದು ಊರು ಜಾಗ ಕೊಟ್ಟಿದೆ ಎಂದರು. ಬಾಂಬು ಹಾಕಿದವರೊಬ್ಬರು, ಮನೆ ಕೊಟ್ಟವರೊಬ್ಬರು.

ಹೋಗಲಿ, ಒಂದು ಸಲ ಆದ ತಪ್ಪು ಅನ್ನೋಣ. ಆದರೆ 2021ರ ಆಗಸ್ಟಿನಲ್ಲಿ, ಆಫ್ಘಾನಿಸ್ತಾನದಿಂದ ಸೇನೆ ವಾಪಸ್ ಬರುವಾಗ, ಕಾಬೂಲಿನಲ್ಲಿ ಆಗಿದ್ದೇನು? ಅದೇ ದುಭಾಷಿಗಳ ಸಮಸ್ಯೆ, ಅದೇ ಕೊನೆ ಗಳಿಗೆಯ ಓಟ, ವಿಮಾನ ನಿಲ್ದಾಣದ ಗೇಟಿನಲ್ಲಿ ಕಾಗದ ಎತ್ತಿ ಹಿಡಿದು ನಿಂತ ಜನ. ಬಸ್ರಾದಿಂದ ಕಾಬೂಲಿಗೆ ಹದಿನಾಲ್ಕು ವರ್ಷ ಸಿಕ್ಕಿತ್ತು ನಿಮಗೆ. ಆಮೇಲೆ ಅದಕ್ಕಿಂತ ಕೆಟ್ಟದ್ದೂ ಆಯಿತು. ಬ್ರಿಟನ್ನಿಗೆ ಬರಲು ಅರ್ಜಿ ಹಾಕಿದ್ದ ಸುಮಾರು 19,000 ಆಫ್ಘನ್ನರ ವಿವರಗಳಿದ್ದ ಪಟ್ಟಿ 2022ರ ಫೆಬ್ರವರಿಯಲ್ಲಿ ಸೋರಿಹೋಯಿತು. ಅದು ಪ್ರಪಂಚಕ್ಕೆ ಗೊತ್ತಾಗಿದ್ದು 2025ರ ಜುಲೈಯಲ್ಲಿ, ಕೋರ್ಟಿನ ನಿರ್ಬಂಧ ತೆರವಾದ ಮೇಲೆ. ಬ್ರಿಟನ್ನಿನ ಸಂಸತ್ ಸದಸ್ಯರಿಗೂ ಅಲ್ಲಿಯವರೆಗೆ ಅದನ್ನು ಹೇಳಿರಲಿಲ್ಲ. ಸಂಸತ್ತಿಗೇ ಹೇಳದಿದ್ದರೆ ಜವಾಬು ಕೇಳುವವರು ಯಾರು?

ನೆದರ್ಲೆಂಡ್ಸಿನಲ್ಲಿ ಕೇಳಿದರು. ಕಾಬೂಲಿನಿಂದ ಜನರನ್ನು ಕರೆತರುವುದರಲ್ಲಿ ಆದ ಲೋಪಕ್ಕೆ ಸಂಸತ್ತು ಖಂಡನೆ ಮಾಡಿದ ಮೇಲೆ 2021ರ ಸೆಪ್ಟೆಂಬರಿನಲ್ಲಿ ವಿದೇಶಾಂಗ ಸಚಿವೆ ಮತ್ತು ರಕ್ಷಣಾ ಸಚಿವೆ ಇಬ್ಬರೂ ರಾಜೀನಾಮೆ ಕೊಟ್ಟರು. ಇರಾಕ್ ಯುದ್ಧಕ್ಕೆ ಬೆಂಬಲ ಕೊಟ್ಟ ತೀರ್ಮಾನವನ್ನು ಪರಿಶೀಲಿಸಿದ ಅದೇ ದೇಶದ ಡೇವಿಡ್ಸ್ ಆಯೋಗ 2010ರಲ್ಲಿ, ಇರಾಕ್ ಯುದ್ಧಕ್ಕೆ ಅಂತರರಾಷ್ಟ್ರೀಯ ಕಾನೂನಿನ ಸರಿಯಾದ ಆಧಾರ ಇರಲಿಲ್ಲ ಎಂದು ಬರೆದಿತ್ತು. ಬ್ರಿಟನ್ನಿನಲ್ಲಿ ಇರಾಕ್ ಯುದ್ಧದ ಕುರಿತ ಚಿಲ್ಕಾಟ್ ವಿಚಾರಣೆ 2009ರಲ್ಲಿ ಶುರುವಾಗಿ 2016ರಲ್ಲಿ ಮುಗಿಯಿತು. ಹನ್ನೆರಡು ಸಂಪುಟ, 26 ಲಕ್ಷ ಪದ. ಶಾಂತಿಯ ದಾರಿಗಳು ಇನ್ನೂ ಉಳಿದಿರುವಾಗಲೇ ಯುದ್ಧಕ್ಕೆ ಹೋದಿರಿ ಅಂತ ಅದು ಹೇಳಿತು. ಯುದ್ಧಕ್ಕೆ ಎಂಟು ತಿಂಗಳ ಮುಂಚೆ, 2002ರ ಜುಲೈಯಲ್ಲಿ, ಏನೇ ಆದರೂ ನಿಮ್ಮ ಜೊತೆಗಿರುತ್ತೇನೆ ಅಂತ ಬ್ಲೇರ್ ಬುಷ್‌ಗೆ ಬರೆದಿದ್ದ ಟಿಪ್ಪಣಿಯೂ ಆಗಲೇ ಹೊರಬಂತು. ತಡವಾಯಿತು, ಯಾರಿಗೂ ಶಿಕ್ಷೆಯೂ ಆಗಲಿಲ್ಲ. ಆದರೆ ಆ ದೇಶದ ಒಬ್ಬ ಸೈನಿಕನ ತಾಯಿಗೆ ಮಗ ಯಾಕೆ ಹೋದ ಅಂತ ಓದಿ ತಿಳಿಯುವ ದಾಖಲೆ ಒಂದಾದರೂ ಇದೆ.

ಡೆನ್ಮಾರ್ಕಿನ ತಾಯಿಗೆ ಸಂಶೋಧಕರು 2019ರಲ್ಲಿ ಬರೆದ ಅಧ್ಯಯನ ಇದೆ, ವಿಚಾರಣಾ ಆಯೋಗದ ವರದಿ ಇಲ್ಲ. ಅಲ್ಲಿ 2012ರಲ್ಲಿ ಆಯೋಗ ನೇಮಿಸಿದರು, 2015ರಲ್ಲಿ ಸರ್ಕಾರ ಬದಲಾದಾಗ ವರದಿ ಕೊಡುವ ಮುಂಚೆಯೇ ಅದನ್ನು ಮುಚ್ಚಿದರು. ದುಭಾಷಿಗಳನ್ನು ಗೌರವದಿಂದ ಕರೆತಂದ ದೇಶವೇ ತನ್ನ ಕಡತ ತೆರೆಯಲು ಹಿಂಜರಿಯಿತು ಅಂದರೆ ಬೇಸರವಾಗುತ್ತದೆ. ಡೆನ್ಮಾರ್ಕಿನ ಮಾನ್ಯ ಸದಸ್ಯರೇ, ಆ ಆಯೋಗವನ್ನು ಮತ್ತೆ ಶುರು ಮಾಡಿ. ಆಗಿನ ಸಚಿವರು, ಅಧಿಕಾರಿಗಳು ಇನ್ನೂ ಬದುಕಿರುವಾಗಲೇ ಮಾಡಿ. ವಿಚಾರಣೆಯೇ ನಡೆಸದ ಉಳಿದ ದೇಶಗಳಿಗೂ ಇದೇ ಬೇಡಿಕೆ. ಬ್ರಿಟನ್ನಿನಷ್ಟು ದೊಡ್ಡದು ಬೇಡ. ಯಾರು ಕೇಳಿದರು, ಯಾವ ಮಾಹಿತಿ ನಂಬಿ ಒಪ್ಪಿದಿರಿ, ಬದಲಿಗೆ ಏನು ಸಿಗುತ್ತದೆ ಅಂದುಕೊಂಡಿದ್ದಿರಿ, ಯಾಕೆ ವಾಪಸ್ ಬಂದಿರಿ. ಇಷ್ಟು ಬರೆದರೆ ಸಾಕು.

ಇನ್ನೊಂದು, ಕಾನೂನು. ಸ್ಪೇನ್ 2005ರಲ್ಲಿ ಒಂದು ರಕ್ಷಣಾ ಕಾಯ್ದೆ ಮಾಡಿ, ಹೊರದೇಶದ ಕಾರ್ಯಾಚರಣೆಗೆ ಸೇನೆ ಕಳಿಸಲು ಸಂಸತ್ತಿನ ಒಪ್ಪಿಗೆ ಕಡ್ಡಾಯ ಮಾಡಿತು. ಇರಾಕಿನಿಂದ ಪಾಠ ಕಲಿತದ್ದು ಅಂದರೆ ಇದು. ಬ್ರಿಟನ್ ಅದನ್ನು ಬರೀ ಸಂಪ್ರದಾಯ ಅಂತ ಇಟ್ಟುಕೊಂಡಿದೆ. 2013ರಲ್ಲಿ ಸಿರಿಯಾ ವಿಷಯದಲ್ಲಿ ಮತಕ್ಕೆ ಹಾಕಿ 285ಕ್ಕೆ 272ರಿಂದ ಸೋತರು, ಸರ್ಕಾರ ಸುಮ್ಮನಾಯಿತು. 2018ರಲ್ಲಿ ಅದೇ ಸಿರಿಯಾದ ಮೇಲೆ ಮತಕ್ಕೇ ಹಾಕದೆ ಕ್ಷಿಪಣಿ ಬಿಟ್ಟರು. ಸಂಪ್ರದಾಯದ ಬೆಲೆ ಅಷ್ಟೇ. ಆಸ್ಟ್ರೇಲಿಯಾದಲ್ಲಂತೂ ಇವತ್ತಿಗೂ ಸೇನೆ ಕಳಿಸಲು ಸಂಸತ್ತಿನ ಮತ ಬೇಕಾಗಿಲ್ಲ, ಸರ್ಕಾರ ತೀರ್ಮಾನಿಸಿದರೆ ಸಾಕು. 2008ರಲ್ಲಿ ತನ್ನ ಯುದ್ಧಪಡೆಯನ್ನು ಇರಾಕಿನಿಂದ ಕರೆಸಿಕೊಂಡ ದೇಶ, ಮುಂದಿನ ಇರಾಕಿಗೆ ಹೋಗುವ ಬಾಗಿಲನ್ನು ಹಾಗೇ ತೆರೆದಿಟ್ಟಿದೆ. ಆ ಬಾಗಿಲಿಗೆ ಬೀಗ ಹಾಕುವ ಅಧಿಕಾರ ಸಂಸತ್ತಿನಲ್ಲಿ ಕೂತ ನಿಮ್ಮ ಕೈಯಲ್ಲೇ ಇದೆ.

ಆ ಕಾಯ್ದೆಯಲ್ಲಿ ಒಂದು ಕಲಮು ನನ್ನ ಕಡೆಯಿಂದ ಸೇರಿಸಿಕೊಳ್ಳಿ. ಯಾವ ದೇಶಕ್ಕೆ ಸೇನೆ ಕಳಿಸಿದರೂ, ಅಲ್ಲಿ ನೇಮಿಸಿಕೊಳ್ಳುವ ದುಭಾಷಿ, ಡ್ರೈವರ್, ಅಡುಗೆಯವರ ರಕ್ಷಣೆಯ ಏರ್ಪಾಡನ್ನು ಮೊದಲ ದಿನವೇ ಮಾಡಬೇಕು. ಅವರು ಒಂದು ದಿನ ಕೆಲಸ ಮಾಡಿದ್ದರೂ ಸರಿ, ಅವರ ಜೀವಕ್ಕೆ ಅಪಾಯವಿದೆಯೇ ಅನ್ನುವುದೊಂದನ್ನೇ ನೋಡಬೇಕು. ಮತ್ತು ಸೇನೆಯ ಕೊನೆಯ ತುಕಡಿ ವಿಮಾನ ಹತ್ತುವ ಮುಂಚೆ, ಅವರಲ್ಲಿ ಯಾರನ್ನು ಕರೆತಂದಿರಿ, ಯಾರನ್ನು ಇಲ್ಲ, ಯಾಕೆ ಇಲ್ಲ ಅನ್ನುವ ವರದಿಯನ್ನು ರಕ್ಷಣಾ ಸಚಿವರು ಸಂಸತ್ತಿನ ಮುಂದಿಡಬೇಕು. ಹೆಸರುಗಳನ್ನು ಗುಟ್ಟಾಗಿಡಿ, ಸಂಖ್ಯೆಯನ್ನು ಬಹಿರಂಗ ಮಾಡಿ. ಬಸ್ರಾ, ಸಮಾವಾ, ದಿವಾನಿಯಾ, ನಾಸಿರಿಯಾಗಳ ಹಳೆಯ ಸಂಬಳದ ಪಟ್ಟಿಗಳು ನಿಮ್ಮ ರಕ್ಷಣಾ ಇಲಾಖೆಗಳಲ್ಲಿ ಇರಲೇಬೇಕು. ಅಲ್ಲಿಂದಲೇ ಶುರು ಮಾಡಬಹುದು. ಅವುಗಳಲ್ಲಿ ಯಾರು ಬದುಕಿದ್ದಾರೆ, ಯಾರಿಗೆ ಇನ್ನೂ ಸಹಾಯ ಬೇಕು ಅಂತ ವಿಚಾರಿಸಿ, ಈ ವರ್ಷದ ಅಧಿವೇಶನದಲ್ಲೇ ಉತ್ತರ ಕೇಳಿ.

ಇಂತಿ,
ವಿದೇಶ ಸುದ್ದಿ ಬರೆಯುತ್ತಿದ್ದ ಒಬ್ಬ ಕನ್ನಡಿಗ